ಕಿಟ್ಟ

ಎಸರಿಗೆ ಹಾಕಿದ ಹಿಟ್ಟು ಬೆಂದು, ಇನ್ನು ಕೋಲು ಹಿಡಿದು ತೊಳಸಬೇಕು ಅನ್ನುವ ಹೊತ್ತಿಗೆ ಸರಿಯಾಗಿ ಫೋನು ಹೊಡೆದುಕೊಂಡಿತು. ಆ ಹದದಲ್ಲಿ ಕೈಬಿಟ್ಟರೆ ಮುದ್ದೆ ಗಂಟು ಕಟ್ಟುತ್ತದೆ. ಇಂದು ಕೋಲು ಬಿಡದೆ ಮಗಳನ್ನು ಕೂಗಿದಳು. ಹರ್ಷಿತಾ ಅರ್ಧ ಹೆಣೆದ ಜಡೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬಂದು, ಫೋನನ್ನು ಸ್ಪೀಕರಿಗೆ ಹಾಕಿ ಅಮ್ಮನ ಬಾಯಿಯ ಹತ್ತಿರ ಹಿಡಿದಳು.

"ಇಂದು ಮ್ಯಾಮ್, ಗುಡ್ ಮಾರ್ನಿಂಗ್! ನಾನು ಮೇಘಶ್ರೀ. ನಾವು ಬೆಂಗಳೂರು ಬಿಟ್ವಿ, ಹನ್ನೊಂದಕ್ಕೆಲ್ಲ ಹಳೇಬೀಡಲ್ಲಿ ಇರ್ತೀವಿ. ಒಂದು ಸಣ್ಣ ರಿಕ್ವೆಸ್ಟ್ ಇತ್ತು. ಸೀರೆ ಉಟ್ಕೊಂಡ್ ಬರ್ತೀರಾ?"

"ಸೀರೆನಾ? ಅವತ್ತು ಕಪ್ಪು ಟೀ ಶರ್ಟ್ ಅಂದಿದ್ರಲ್ಲ."

"ಅಂದಿದ್ದೆ ಮ್ಯಾಮ್. ಆಮೇಲೆ ಟೀಮಲ್ಲಿ ಡಿಸ್ಕಸ್ ಮಾಡಿದ್ವಿ. ಕಾಟನ್ ಸೀರೆ, ಸ್ವಲ್ಪ ಹಳೇದಾದ್ರೆ ಇನ್ನೂ ಒಳ್ಳೇದು. ಸೀರೆ, ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್, ಹಿಂದೆ ಟೆಂಪಲ್. ವೀಡಿಯೊ ನೋಡೋರ ಬೆರಳು ಮೇಲಕ್ಕೆ ಜಾರೋ ಮೊದಲೇ ಅವರು ನಿಂತ್ಕೋಬೇಕು, ಅಲ್ವಾ? ಹಾಂ, ತಂದೆಯವರನ್ನ ಮಾತ್ರ ಮರೀಬೇಡಿ, ಪ್ಲೀಸ್."

ಫೋನು ಕಟ್ಟಾದ ಮೇಲೂ ಹರ್ಷಿತಾ ಅದನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು. "ಹಳೇ ಸೀರೆ ಯಾಕಮ್ಮ?" ಎಂದಳು. "ಗೊತ್ತಿಲ್ಲ ಕಂದ, ಜಡೆ ಬಿಡಬೇಡ, ಬಿಚ್ಚಿಹೋಗುತ್ತೆ" ಎಂದು ಇಂದು ಕೋಲನ್ನು ಜೋರಾಗಿ ತಿರುಗಿಸಿದಳು. ಗಂಟು ಆಗಲೇ ಕಟ್ಟಿತ್ತು. ಒಂದನ್ನು ಪಾತ್ರೆಯ ಅಂಚಿಗೆ ಒತ್ತಿ ಒಡೆದರೆ ಇನ್ನೊಂದು ಕೋಲಿಗೆ ಸಿಗುತ್ತಿತ್ತು. ಇಸ್ತ್ರಿ ಮಾಡಿ ಹಾಸಿಗೆಯ ಮೇಲೆ ಹರಡಿದ್ದ ಕಪ್ಪು ಟೀ ಶರ್ಟು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಅದರ ಎದೆಯ ಮೇಲಿದ್ದ ಬಿಳಿಯ ಅಕ್ಷರ ಒಗೆದು ಒಗೆದು ಮಾಸಿದ್ದರೂ ಗೊತ್ತಿದ್ದವರು ಓದಬಹುದಿತ್ತು. ಕಿಟ್ಟ. ಹಾಸನದಲ್ಲಿ ಡಿಪ್ಲೊಮಾ ಓದುವಾಗ, ಫೌಂಡ್ರಿ ಲ್ಯಾಬಿನ ಮೇಷ್ಟರು ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದ ಮೇಲೆ ಉಳಿಯುವ ಕರಿ ಕಸವನ್ನು ತೋರಿಸಿ, ಇದಕ್ಕೆ ಕನ್ನಡದಲ್ಲಿ ಕಿಟ್ಟ ಅಂತಾರೆ ಅಂದಿದ್ದರು. ಅವತ್ತೇ, ಕಿವಿಗಡಚಿಕ್ಕುವ ಮೆಟಲ್ ಸಂಗೀತ ನುಡಿಸುವ ಅವರ ಬ್ಯಾಂಡಿಗೆ ಹೆಸರು ಸಿಕ್ಕಿತ್ತು. ಮೊದಲ ಕಾಲೇಜು ಫೆಸ್ಟಿನಲ್ಲಿ ನಿರೂಪಣೆ ಮಾಡುತ್ತಿದ್ದ ಹುಡುಗ ಚೀಟಿ ನೋಡಿ, ಇದು ಯಾರದೋ ಮುದ್ದಿನ ಹೆಸರು ಅಂದುಕೊಂಡು, "ಈಗ ಕೃಷ್ಣ ಮತ್ತು ಸಂಗಡಿಗರಿಂದ" ಅಂತ ಕೂಗಿದ್ದ. ಜನ ಭಾವಗೀತೆಗೆ ಕಾದು ಕೂತಿದ್ದರು. ಆಮೇಲೆ ಮುಂದಿನ ಸಾಲಿನ ಮೇಡಮ್ಮುಗಳು ಕಿವಿ ಮುಚ್ಚಿಕೊಂಡು ಎದ್ದುಹೋದದ್ದನ್ನು ನೆನೆಸಿಕೊಂಡರೆ ಇಂದುವಿಗೆ ಈಗಲೂ ನಗು ಬರುತ್ತದೆ. ಆ ನಗುವಿಗೆ ಅಡುಗೆಮನೆಯಲ್ಲಿ ಜೊತೆ ಯಾರೂ ಇರುವುದಿಲ್ಲ.

ಅಪ್ಪ ಮರಿಯಣ್ಣ ಮುದ್ದೆ ಮುರಿದರು. ಬೆರಳಿಗೆ ಸಿಕ್ಕಿದ ಗಂಟನ್ನು ತಟ್ಟೆಯ ಅಂಚಿಗೆ ಸರಿಸಿ, ಮಾತಾಡದೆ ಉಂಡರು. ಅರಸೀಕೆರೆ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತರಾದವರು ಅವರು. ಹಳಿ ಬದಲಿಸುವ ಕೆಲಸದಲ್ಲಿ ಮಾತಿಗೆ ಜಾಗ ಇರಲಿಲ್ಲವೇನೋ. ಎದುರಿಗೆ ಕೂತ ಹರ್ಷಿತಾ ಸಾರು ಆರಲಿ ಎಂದು ಕಾಯುತ್ತ, ತಿಳಿಯದೆಯೇ ಎರಡು ಬೆರಳಲ್ಲಿ ತಟ್ಟೆಯ ಅಂಚು ತಟ್ಟತೊಡಗಿದಳು. ಟಕ ಟಕ್ಕ, ಟಕ ಟಕ್ಕ. ಮರಿಯಣ್ಣ ತಲೆ ಎತ್ತಲಿಲ್ಲ. "ತಟ್ಟೆ ಸುಮ್ಕಿರ್ಲಿ ಕಣವ್ವ" ಅಂದರು, ಅಷ್ಟೇ. ಹುಡುಗಿ ಬೆರಳು ಮಡಚಿಕೊಂಡಳು. ಈ ಮನೆಯಲ್ಲಿ ಯಾರೂ ಏನನ್ನೂ ತಟ್ಟುವುದಿಲ್ಲ, ಬೆಂಚನ್ನಾಗಲಿ ಡಬ್ಬವನ್ನಾಗಲಿ. ಇಂದುವೂ ಹೀಗೇ ಬೆರಳು ಮಡಚಿಕೊಂಡು ಬೆಳೆದವಳು. ಗಂಡಸಿಯ ಕಡೆಯ ಹಳ್ಳಿಯಲ್ಲಿ ಅಪ್ಪನ ಅಪ್ಪ ಊರಿನ ಸಾವಿಗೆಲ್ಲ ತಮಟೆ ಬಡಿಯುತ್ತಿದ್ದರು. ಹೆಣ ಇಟ್ಟ ಮನೆಯ ಅಂಗಳದ ಆಚೆ, ಹೇಳಿದಷ್ಟು ದೂರದಲ್ಲಿ ನಿಂತು. ಮರಿಯಣ್ಣ ಹುಡುಗನಾಗಿದ್ದಾಗಲೇ ಕೈಗೆ ಕಡ್ಡಿ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರಂತೆ. ಒಂದು ವರ್ಷ ಕೇರಿಯ ಹಿರಿಯರೆಲ್ಲ ಸೇರಿ, ಇನ್ನು ಬಡಿಯುವುದಿಲ್ಲ ಎಂದು ಊರಿಗೆ ಹೇಳಿಬಿಟ್ಟರು. ಆ ಮಾತನ್ನು ಮರಿಯಣ್ಣ ತಮ್ಮ ಮನೆಯಲ್ಲಿ ತಟ್ಟೆಯ ಅಂಚಿನವರೆಗೂ ಉಳಿಸಿಕೊಂಡು ಬಂದಿದ್ದರು.

ಹಾಗಿದ್ದೂ ಅವಳ ಮೊದಲ ಗಿಟಾರನ್ನು ಬೆಂಗಳೂರಿನಿಂದ ರೈಲಿನಲ್ಲಿ ತಂದವರು ಅವರೇ. ಅವತ್ತು ಅದನ್ನು ಮಂಚದ ಮೇಲೆ ಕೂಸನ್ನು ಮಲಗಿಸುವ ಹಾಗೆ ಮಲಗಿಸಿ, ಬಹಳ ಹೊತ್ತು ನೋಡಿ, "ಇದನ್ನ ಕೂತ್ಕಂಡ್ ನುಡಿಸ್ತಾರಾ, ನಿಂತ್ಕಂಡಾ?" ಎಂದು ಕೇಳಿದ್ದರು. "ನಿಂತ್ಕಂಡು ಅಪ್ಪ." "ನಿಂತ್ಕಂಡಾ? ಎಲ್ಲಿ?" "ಸ್ಟೇಜ್ ಮೇಲೆ." "ಮೇಲೆ ತಾನೆ?" "ಹೂಂ, ಮೇಲೆ." "ಹಂಗಾದ್ರೆ ಸರಿ." ಈ ಸಂಭಾಷಣೆಯನ್ನು ಇಂದು ಯಾರಿಗೂ ಹೇಳಿರಲಿಲ್ಲ. ಗಂಡ ಉಮಾಶಂಕರನಿಗೂ ಹೇಳಿರಲಿಲ್ಲ. ಹೋದ ವಾರ, ವೀಡಿಯೊ ಸಂದರ್ಶನಕ್ಕೆಂದು ಫೋನು ಮಾಡಿದ್ದ ಮೇಘಶ್ರೀಗೆ ಹೇಳಿದಳು. ಎಂದೂ ನೋಡಿರದ ಹುಡುಗಿಗೆ, ಫೋನಿನಲ್ಲಿ, ಬಟ್ಟೆ ಒಣಗಿಸುತ್ತ. ಹುಡುಗಿ ಒಳ್ಳೆಯವಳೇ. ಆದರೆ ಇಂದು ತನ್ನ ಹೊಸ ಹಾಡುಗಳ ವಿಷಯ ಹೇಳುತ್ತಿದ್ದಷ್ಟು ಹೊತ್ತೂ ಆ ಕಡೆಯ "ಹೂಂ ಮ್ಯಾಮ್, ಹೂಂ ಮ್ಯಾಮ್" ತೆಳ್ಳಗಾಗುತ್ತ ಹೋಗಿತ್ತು. ಪಕ್ಕದಲ್ಲಿ ಕೀಬೋರ್ಡಿನ ಸದ್ದು ಕೇಳುತ್ತಿತ್ತು. ಇನ್ನೇನು ಫೋನು ಇಡುತ್ತಾಳೆ ಅನ್ನಿಸಿದಾಗ ಇಂದುವಿನ ಬಾಯಿ ತಾನಾಗಿ ತಮಟೆಯ ಹೆಸರೆತ್ತಿತ್ತು. ತಾತ ಬಡಿಯುತ್ತಿದ್ದರು, ಅಪ್ಪನಿಗೂ ಬರುತ್ತದೆ, ನನ್ನ ಒಂದು ಹಾಡಿನ ಶುರು ಅದೇ ಗತಿಯಲ್ಲಿದೆ. "ಓಹ್!" ಎಂದಿತ್ತು ಆ ಕಡೆಯ ದನಿ. ಕೀಬೋರ್ಡು ನಿಂತಿತ್ತು. "ಮ್ಯಾಮ್, ಇದು ಕಥೆ." ಕೂಡಲೇ ಶೂಟಿಂಗಿನ ದಿನ ಗೊತ್ತಾಗಿತ್ತು. ಆ "ಓಹ್" ಕೇಳಿದಾಗ ಎದೆಯೊಳಗೆ ಆದ ಖುಷಿ ಇಂದುವನ್ನು ವಾರವಿಡೀ ಕುಕ್ಕುತ್ತಿತ್ತು.

ಅವಳು ಅಮ್ಮನ ಸೀರೆ ತೆಗೆದಳು. ಬೂದು ಬಣ್ಣದ್ದು, ಸಣ್ಣ ಅಂಚಿನದ್ದು. ತೀರಿಕೊಂಡ ಮೇಲೆ ಇಟ್ಟುಕೊಂಡಿದ್ದ ಎರಡರಲ್ಲಿ ಒಂದು. ಉಟ್ಟು ಹೊರಗೆ ಬಂದಾಗ ಮರಿಯಣ್ಣ ಚಪ್ಪಲಿ ಹಾಕಿಕೊಳ್ಳುತ್ತಿದ್ದವರು ನಿಂತು ನೋಡಿದರು. "ದ್ಯಾವಮ್ಮನ್ದಲ್ವಾ ಅದು? ಒಪ್ಪುತ್ತೆ ಕಣವ್ವ ನಿಂಗೆ" ಅಂದರು. ಅವರ ಮುಖ ಅರಳಿತ್ತು. ಅದು ಯಾರಿಗಾಗಿ ಉಟ್ಟದ್ದು ಅಂತ ಅವರಿಗೆ ಗೊತ್ತಿರಲಿಲ್ಲ. ಹರ್ಷಿತಾಳಿಗೆ ಗೊತ್ತಿತ್ತು. ಅವಳು ಬಗ್ಗಿ ಸೀರೆಯ ನೆರಿಗೆ ಸರಿಮಾಡಿದಳು.

ಜಾವಗಲ್ ಮೇಲೆ ಹೋಗುವ ಬಸ್ಸಿನಲ್ಲಿ ಭಾನುವಾರದ ಜನ. ಗಿಟಾರಿನ ಕರಿಯ ಪೆಟ್ಟಿಗೆಯನ್ನು ಮೂವರ ಮಂಡಿಗಳ ಮೇಲೆ ಅಡ್ಡ ಮಲಗಿಸಿಕೊಂಡು ಕೂತರು. ಕಂಡಕ್ಟರು ಇಂದುವಿನ ಆಧಾರ್ ನೋಡಿ, ಪೆಟ್ಟಿಗೆ ನೋಡಿ, "ನಿಮಗೆ ಫ್ರೀ ಕಣ್ರಮ್ಮ. ಈ ವೀಣೆಗೂ ಆಧಾರ್ ಮಾಡ್ಸಿದೀರಾ?" ಅಂದ. ಹಿಂದಿನ ಸೀಟಿನವರು ನಕ್ಕರು. "ವೀಣೆ ಅಲ್ಲ, ಗಿಟಾರ್" ಎಂದಳು ಹರ್ಷಿತಾ ಗಂಭೀರವಾಗಿ. "ಹೆಂಗಸಿನ ಕೈಲಿ ಐತಲ್ಲ, ಅದ್ಕೇ ವೀಣೆ ಅನ್ಕಂಡೆ" ಎಂದು ಅವನು ಮುಂದೆ ಹೋದ. ಇಂದು ಕಿಟಕಿಯ ಕಡೆ ತಿರುಗಿದಳು. ಈ ಮಾತನ್ನೇ ಎಷ್ಟು ಜನರ ಬಾಯಲ್ಲಿ ಕೇಳಿಲ್ಲ. ಬೇಲೂರಿನ ಹತ್ತಿರದ ರೆಸಾರ್ಟಿನ ಮ್ಯಾನೇಜರು ಇದನ್ನೇ ಇಂಗ್ಲಿಷಿನಲ್ಲಿ ಹೇಳಿದ್ದ. ಅಲ್ಲಿ ಒಂದಷ್ಟು ಶನಿವಾರ ಊಟದ ಹೊತ್ತಿಗೆ ಹಳೆಯ ಹಾಡುಗಳ ಧಾಟಿ ನುಡಿಸಲು ಹೋಗುತ್ತಿದ್ದಳು. ಚಮಚದ ಸದ್ದಿಗಿಂತ ಗಿಟಾರಿನ ಸದ್ದು ಕಡಿಮೆ ಇರಬೇಕು ಅನ್ನುವುದು ಅವನ ಕರಾರು. ಒಂದು ಸಂಜೆ ಅವಳು ಎರಡೇ ಎರಡು ಕ್ಷಣ ಆಂಪ್ಲಿಫೈಯರಿನ ಗುಂಡಿ ಪೂರ್ತಿ ತಿರುಗಿಸಿ, ಎಲ್ಲಕ್ಕಿಂತ ದಪ್ಪ ತಂತಿಯನ್ನು ಅಂಗೈ ಅಂಚಿನಿಂದ ಅದುಮಿ ಹೊಡೆದಳು. ಐಸ್‌ಕ್ರೀಮು ತಿನ್ನುತ್ತಿದ್ದ ಕೂಸೊಂದು ಕಿರುಚಿ ಅತ್ತಿತು. ಅದರ ತಾಯಿ ನೋಡಿದ ನೋಟಕ್ಕೆ ಇಂದು ತಾನೇ ತಾಯಿ ಅನ್ನುವುದನ್ನೂ ಮರೆತು ಕ್ಷಮೆ ಕೇಳಿದ್ದಳು. ಮುಂದಿನ ಶನಿವಾರ ಕರೆ ಬರಲಿಲ್ಲ.

ಆಮೇಲೆ ಸದ್ದು ಮನೆಯೊಳಗೂ ಬೇಡವಾಯಿತು. ಕೆಳಗಡೆ ಮನೆ ಮಾಲೀಕರು, ಪಕ್ಕದಲ್ಲಿ ಪರೀಕ್ಷೆಗೆ ಓದುವ ಹುಡುಗರು. ಹೆಡ್‌ಫೋನು ಸಿಕ್ಕಿಸಿ ನುಡಿಸುವುದನ್ನು ಕಲಿತಳು. ಅವಳ ಕಿವಿಯೊಳಗೆ ಗೋಡೆಗಳು ಕುಸಿಯುತ್ತಿದ್ದರೆ ಹೊರಗೆ ಕೂತ ಹರ್ಷಿತಾಳಿಗೆ ಕೇಳುವುದು ತಂತಿಯ ಟಿಕಿ ಟಿಕಿ ಮಾತ್ರ, ಗೋಡೆಯ ಮೇಲೆ ಹಲ್ಲಿ ನಡೆದ ಹಾಗೆ. ಹಾಗೆ ಕೂತೇ, ಮಗಳು ಸ್ಕೂಲಿಗೆ, ಗಂಡ ಗಂಡಸಿಯ ಹೈಸ್ಕೂಲಿಗೆ ಹೋದ ಮೇಲಿನ ಬೆಳಗುಗಳಲ್ಲಿ, ಕುಕ್ಕರಿನ ಕೂಗಿಗೆ ಒಂದು ಕಿವಿ ಬಿಚ್ಚಿಟ್ಟುಕೊಂಡು, ಐದು ಹಾಡು ಮಾಡಿದಳು. ಡ್ರಮ್ಮು ಕಂಪ್ಯೂಟರಿನದು, ಉಳಿದದ್ದೆಲ್ಲ ತನ್ನದೇ. ಹೋದ ವರ್ಷ ಅದನ್ನು ಇಂಟರ್ನೆಟ್ಟಿಗೆ ಹಾಕಿ ಕಾದಳು. ಹಾಡನ್ನು ಆ್ಯಪುಗಳಿಗೆ ತಲುಪಿಸುವ ಕಂಪನಿಯವನು, ಶುರುವಿನಲ್ಲೇ ಇಷ್ಟು ಹೊತ್ತು ಒಂದೇ ತಂತಿ ಹೊಡೆದರೆ ಜನ ಮುಂದಿನ ಹಾಡಿಗೆ ಹೋಗುತ್ತಾರೆ, ಪಲ್ಲವಿಯನ್ನು ಮೊದಲಿಗೇ ತನ್ನಿ ಎಂದು ಬರೆದ. ಪಲ್ಲವಿಯೇ ಇಲ್ಲ ಎಂದು ಅವಳು ಬರೆದಳು. ಉತ್ಸವ ನಡೆಸುವವರು ಹಾಡನ್ನು ಕೇಳದೆ, ನಿಮ್ಮನ್ನು ಫಾಲೋ ಮಾಡುವವರು ಎಷ್ಟು ಅಂತ ಕೇಳಿದರು. ಯಾರೂ ಕೆಟ್ಟವರಲ್ಲ, ಯಾರೂ ಬೈಯಲಿಲ್ಲ. ಬೈದಿದ್ದರೆ ಕೇಳಿದ್ದಾರೆ ಅಂತಲಾದರೂ ಆಗುತ್ತಿತ್ತು. ಮೇಘಶ್ರೀಯ ಚಾನೆಲ್ಲನ್ನು ಲಕ್ಷಾಂತರ ಜನ ನೋಡುತ್ತಾರೆ. ಅದರಲ್ಲಿ ಒಂದು ಹಿಡಿ ಜನ, ಒಂದೇ ಒಂದು ಸಲ, ಹಾಡನ್ನು ಕೊನೆಯವರೆಗೂ ಕೇಳಿದರೆ. ಈ ದಿನದಿಂದ ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಆ ಅಷ್ಟಕ್ಕೆ ಅಮ್ಮನ ಸೀರೆ ಆಗಬಹುದು ಎಂದು ಅವಳು ಒಪ್ಪಿಕೊಂಡಿದ್ದಳು.

ಹಳೇಬೀಡಿನ ದೇವಸ್ಥಾನದ ಗೇಟಿನಲ್ಲೇ ಕಾವಲುಗಾರ ತಡೆದ. "ಕ್ಯಾಮೆರಾ ಸ್ಟ್ಯಾಂಡು ಒಳಕ್ಕೆ ಬಿಡಂಗಿಲ್ಲ. ಪರ್ಮಿಷನ್ ಐತಾ?" ಮೇಘಶ್ರೀ ಇಪ್ಪತ್ತೈದರ ಆಚೀಚಿನ ಹುಡುಗಿ, ಮೂಗಿಗೆ ಬೆಳ್ಳಿಯ ಬೊಟ್ಟು, ನಗುಮುಖ. ಫೋನಿನಲ್ಲಿ ಯಾರಿಗೋ ಮಾತಾಡಿಸಲು ನೋಡಿದಳು. ಆಗಲಿಲ್ಲ. ಕ್ಯಾಮೆರಾದ ಸಂತು ಗಿಟಾರ್ ಪೆಟ್ಟಿಗೆ ತೋರಿಸಿ, "ಇದನ್ನಾದ್ರೂ ಬಿಡಿ ಅಣ್ಣಾ, ಮೇಡಂ ದೊಡ್ಡ ಆರ್ಟಿಸ್ಟ್" ಎಂದ. ಕಾವಲುಗಾರ ಬೂದು ಸೀರೆಯ ಇಂದುವನ್ನು ಮೇಲಿಂದ ಕೆಳಗೆ ನೋಡಿ, "ಆರ್ಕೆಸ್ಟ್ರಾನಾ?" ಎಂದು ಕೇಳಿದ. "ಹೂಂ" ಎಂದುಬಿಟ್ಟಳು ಇಂದು. ಬಿಸಿಲಲ್ಲಿ ನಿಂತು ಮೆಟಲ್ ಅಂದರೇನು ಅಂತ ಇನ್ನೊಂದು ಸಲ ಬಿಡಿಸಿ ಹೇಳುವ ಚೈತನ್ಯ ಅವಳಲ್ಲಿ ಇರಲಿಲ್ಲ.

ಬಸ್ತಿಹಳ್ಳಿಗೆ ಹೋದರು. ಕೂಗಳತೆಯ ದಾರಿ. ಅಲ್ಲಿನ ಜೈನ ಬಸದಿಗಳ ಆವರಣದಲ್ಲೂ ಸ್ಟ್ಯಾಂಡು ಬೇಡ ಅಂದರು, ಆದರೆ ಬೇಲಿಯ ಹೊರಗಿನ ಮರದ ನೆರಳಿಗೆ ಯಾರ ತಕರಾರೂ ಇರಲಿಲ್ಲ. ಸಂತು ಮೈಕು ವೈರು ಬಿಚ್ಚುತ್ತಿರುವಾಗ ಹರ್ಷಿತಾ ಅಮ್ಮನನ್ನು ಕೈಹಿಡಿದು ಒಳಗೆ ಎಳೆದುಕೊಂಡು ಹೋದಳು. ಪಾರ್ಶ್ವನಾಥ ಬಸದಿಯ ಕರಿಕಲ್ಲಿನ ಕಂಬಗಳು ಕನ್ನಡಿಯ ಹಾಗೆ ನುಣುಪು. ಮುಂದೆ ನಿಂತು ಕೈ ಚಾಚಿದರೆ ಕಂಬದ ಸುತ್ತ ಕಡೆದ ಒಂದು ಬಳೆಯಲ್ಲಿ ಕೈ ಉದ್ದ, ಇನ್ನೊಂದರಲ್ಲಿ ಗಿಡ್ಡ, ಒಂದು ಕಡೆ ಎರಡು ತಲೆ. ಹರ್ಷಿತಾ ಕುಣಿದು ಕುಣಿದು ನಕ್ಕಳು. ಇಂದು ಬಗ್ಗಿ ನೋಡಿದಾಗ ಸೀರೆಯುಟ್ಟ ಹೆಂಗಸೊಬ್ಬಳು ಕುತ್ತಿಗೆಯಿಲ್ಲದೆ, ಹಣೆ ಮಾತ್ರ ಉದ್ದವಾಗಿ, ಯಾರ ಮುಂದೆಯೋ ತಲೆ ತಗ್ಗಿಸಿದಂತೆ ಕಂಡಳು. ಸರಿದು ನಿಂತರೂ ಆ ತಗ್ಗು ಹೋಗಲಿಲ್ಲ. "ಅಮ್ಮ, ನೀನು ಅಜ್ಜಿ ಥರ ಕಾಣ್ತಿದೀಯ" ಎಂದಳು ಮಗಳು.

ಮರದ ಕೆಳಗೆ ಪ್ರಶ್ನೆಗಳು ಶುರುವಾದವು. ಮೇಘಶ್ರೀ ಚೆನ್ನಾಗಿ ಓದಿಕೊಂಡು ಬಂದಿದ್ದಳು. ಮೊದಲ ಬ್ಯಾಂಡು, ಮೊದಲ ಪಬ್ಬು, ಹುಡುಗರೇ ತುಂಬಿದ ಸ್ಟೇಜಿನ ಮೇಲೆ ಒಬ್ಬಳೇ ಹುಡುಗಿ. ಮರಿಯಣ್ಣ ಸ್ವಲ್ಪ ದೂರದ ಕಲ್ಲಿನ ಮೇಲೆ ಟವೆಲು ಹಾಸಿಕೊಂಡು, ಒಂದು ಮಾತೂ ಬಿಡದೆ ಕೇಳುತ್ತ ಕೂತಿದ್ದರು. "ಈಗಿನ ಮ್ಯೂಸಿಕ್ ಇಂಡಸ್ಟ್ರಿ ಬಗ್ಗೆ ನಿಮಗೇನನ್ಸುತ್ತೆ?" ಎಂದಾಗ ಇಂದುವಿಗೆ ಒಳಗಿನಿಂದ ಏನೋ ಬಿಚ್ಚಿಕೊಂಡಿತು. "ನಮ್ಮ ಸಂಗೀತದಲ್ಲಿ ಕಾಯೋದೇ ಮುಖ್ಯ ಮೇಘಶ್ರೀ. ಒಂದೇ ತಂತಿ, ಒಂದೇ ಪೆಟ್ಟು, ಮತ್ತೆ ಮತ್ತೆ. ಕೇಳೋರಿಗೆ ಸಾಕು ಅನ್ನಿಸಬೇಕು, ಅದನ್ನೂ ದಾಟಿ ಕೂತಿರಬೇಕು, ಆಗ ಅದು ತೆರ್ಕೊಳ್ಳುತ್ತೆ. ಈಗ ಸಾಕು ಅನ್ನಿಸೋ ಮೊದಲೇ ಬೆರಳು ಜಾರಿರುತ್ತೆ. ಹಾಡು ಮಾಡೋರೂ ಆ ಬೆರಳಿಗೆ ಹೆದರಿಕೊಂಡೇ ಹಾಡು ಮಾಡ್ತಾರೆ. ಈಗ ಮಷೀನಿಗೆ ಹೇಳಿದ್ರೆ ಅದೇ ಗಿಟಾರ್ ನುಡಿಸಿಕೊಡುತ್ತಂತೆ, ಒಂದು ತಪ್ಪೂ ಇಲ್ಲದೆ. ನನ್ನ ಮಣಿಕಟ್ಟು ಸುಸ್ತಾದಾಗ ಪೆಟ್ಟು ಒಂದು ಕೂದಲೆಳೆ ಹಿಂದೆ ಬೀಳುತ್ತೆ. ಅದು ತಪ್ಪೇ. ಆದರೆ ನಾನು ಇದೀನಿ ಅಂತ ಗೊತ್ತಾಗೋದೇ ಅಲ್ಲಿ." ಹೇಳಿ ಮುಗಿಸಿದಾಗ ಅವಳಿಗೇ ಆಶ್ಚರ್ಯವಾಯಿತು. ಇಷ್ಟನ್ನು ಬಾಯಿಬಿಟ್ಟು ಎಂದೂ ಹೇಳಿರಲಿಲ್ಲ. ಮರಿಯಣ್ಣ ಮೆಲ್ಲಗೆ ತಲೆಯಾಡಿಸಿದ್ದು ಕಂಡಿತು.

"ಸೂಪರ್ ಮ್ಯಾಮ್!" ಎಂದಳು ಮೇಘಶ್ರೀ. "ಇದನ್ನೇ ಸ್ವಲ್ಪ ಚಿಕ್ಕದಾಗಿ ಹೇಳ್ತೀರಾ?"

ಚಿಕ್ಕದಾಗಿ ಹೇಳಿದಳು. ಇನ್ನೂ ಚಿಕ್ಕದಾಗಿ. ಕೊನೆಗೆ ಉಳಿದದ್ದು, ಈಗಿನವರಿಗೆ ತಾಳ್ಮೆ ಇಲ್ಲ ಎಂಬ, ಯಾವ ಮುದುಕಿ ಬೇಕಾದರೂ ಹೇಳಬಹುದಾದ ಮಾತು. ಅದು ಸಂತುವಿಗೆ ಬಹಳ ಹಿಡಿಸಿತು. "ನೆಕ್ಸ್ಟ್, ಎಮೋಷನಲ್ ಪಾರ್ಟ್" ಎಂದು ಮೇಘಶ್ರೀ ದನಿ ತಗ್ಗಿಸಿದಳು. "ಕಿಟ್ಟ ಅಷ್ಟು ಚೆನ್ನಾಗಿ ಹೋಗ್ತಿತ್ತು. ಆಲ್ಬಂ ಬರೋ ಟೈಮಲ್ಲೇ ಬಿಟ್ಟುಬಿಟ್ರಿ. ಮಗಳಿಗೋಸ್ಕರ, ಅಲ್ವಾ ಮ್ಯಾಮ್?" ಆಗ ಇಂದುವಿಗೆ ಏಳು ತಿಂಗಳ ಹೊಟ್ಟೆ. ಗಿಟಾರು ಎದುರಿಗೆ ಕೂರದೆ ಪಕ್ಕಕ್ಕೆ ವಾಲುತ್ತಿತ್ತು. ಇನ್ನೊಬ್ಬ ಗಿಟಾರಿಸ್ಟು ರವಿಕುಮಾರ್ ಸ್ಟುಡಿಯೋದಲ್ಲಿ ಬಹಳ ಮೃದುವಾಗಿ, "ನೀನು ರೆಸ್ಟ್ ತಗೋ ಇಂದು, ನಿನ್ನ ಭಾಗ ಎಲ್ಲೂ ಹೋಗಲ್ಲ" ಎಂದಿದ್ದ. ನಿಜ, ಎಲ್ಲೂ ಹೋಗಲಿಲ್ಲ. ಆಲ್ಬಂ ಬಂದಾಗ ಅವಳ ಭಾಗವೆಲ್ಲ ಅದರಲ್ಲೇ ಇತ್ತು, ಅವನ ಕೈಯಲ್ಲಿ, ಅಚ್ಚುಕಟ್ಟಾಗಿ. ಎದೆಹಾಲು ಕುಡಿಯುವ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದ ಅವಳಿಗೆ, ಯಾರೋ ತನ್ನ ಚಪ್ಪಲಿ ಹಾಕಿಕೊಂಡು ತನಗಿಂತ ಚೆನ್ನಾಗಿ ನಡೆದುಹೋದಂತೆ ಅನ್ನಿಸಿತ್ತು. ಬ್ಯಾಂಡು ಯಾಕೆ ಬಿಟ್ಟಳೆಂದು ಕೇಳಲು ಬಂದವರಿಗೆಲ್ಲ ಅಮ್ಮ ದ್ಯಾವಮ್ಮ, "ಕೂಸು ಐತಲ್ಲವ್ವ, ಇನ್ನೆಂಗೆ ಹೋದಾಳು" ಎನ್ನುತ್ತಿದ್ದಳು. ತಳ್ಳಿಸಿಕೊಂಡೆ ಎನ್ನುವುದಕ್ಕಿಂತ ಬಿಟ್ಟೆ ಎನ್ನುವುದು ಗೌರವದ ಮಾತಾಗಿತ್ತು. ಇಂದು ಅದರ ಹಿಂದೆ ನಿಂತುಕೊಂಡಳು. ಹತ್ತು ವರ್ಷದಿಂದ ಅಲ್ಲೇ ನಿಂತಿದ್ದಳು, ಒಂದು ಕೂಸನ್ನು ಮುಂದೆ ಹಿಡಿದುಕೊಂಡು.

ಕ್ಯಾಮೆರಾದ ಕೆಂಪು ಚುಕ್ಕೆ ಉರಿಯುತ್ತಿತ್ತು. "ಹಾಗೇ ಅಂದ್ಕೊಳ್ಳಿ" ಎಂದು ನಕ್ಕಳು. ಅಜ್ಜನ ಪಕ್ಕ ಕೂತಿದ್ದ ಹರ್ಷಿತಾ ಕಾಲಿನಿಂದ ಮಣ್ಣಲ್ಲಿ ಗೆರೆ ಎಳೆಯುತ್ತಿದ್ದವಳು ನಿಲ್ಲಿಸಿದಳು.

"ಬ್ಯೂಟಿಫುಲ್. ಈಗ ಪರ್ಫಾರ್ಮೆನ್ಸ್!" ಎಂದು ಮೇಘಶ್ರೀ ಎದ್ದಳು. ಇಂದು ಗಿಟಾರು ಹೆಗಲಿಗೇರಿಸಿದಳು. ಬ್ಯಾಟರಿಯ ಪುಟ್ಟ ಆಂಪ್ಲಿಫೈಯರು ಗುಂಯ್ ಎಂದಿತು. ಎಷ್ಟೋ ಕಾಲದ ಮೇಲೆ ಬಯಲಿನಲ್ಲಿ ಕೇಳಿದ ಆ ಗುಂಯ್‌ಗೆ ಅವಳ ಬೆನ್ನು ನೆಟ್ಟಗಾಯಿತು. ಅಷ್ಟರಲ್ಲಿ ಸಂತು ಕಾರಿನ ಡಿಕ್ಕಿಯಿಂದ ಬಟ್ಟೆಯ ಚೀಲವೊಂದನ್ನು ತಂದು, ಒಳಗಿನಿಂದ ತಮಟೆ ತೆಗೆದ. ಹೊಚ್ಚಹೊಸದು, ಅಂಚಿಗೆ ಕೆಂಪು ಕುಚ್ಚು. ಮೇಘಶ್ರೀ ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಾರ ತಂದವಳ ಹಾಗೆ ಮರಿಯಣ್ಣನ ಮುಂದೆ ನಿಂತಳು.

"ಅಂಕಲ್, ನೀವು ಇದನ್ನ ಹಿಡ್ಕೊಂಡು ಮ್ಯಾಮ್ ಪಕ್ಕ ನಿಂತ್ಕೊಳ್ಳಿ. ಮ್ಯಾಮ್ ಶುರು ಮಾಡಿದ ತಕ್ಷಣ ಸುಮ್ನೆ ಎರಡು ಸಲ ಬಡೀರಿ. ತಾಳ ತಪ್ಪಿದ್ರೂ ಪರವಾಗಿಲ್ಲ, ಸೌಂಡ್ ನಾವು ಆಮೇಲೆ ಹಾಕ್ಕೋತೀವಿ."

ಮರಿಯಣ್ಣ ಕೂತಲ್ಲಿಂದ ಏಳಲಿಲ್ಲ. "ಬ್ಯಾಡ ಕಣವ್ವ" ಅಂದರು. "ನಂಗೆ ಬರಾಕಿಲ್ಲ ಅದು."

"ಅಯ್ಯೋ ಅಂಕಲ್, ಸುಳ್ಳು! ಮ್ಯಾಮ್ ಎಲ್ಲಾ ಹೇಳಿದಾರೆ. ನಿಮ್ಮ ತಂದೆಯವರು, ಊರಲ್ಲಿ ಸಾವಾದಾಗ..."

ಮರಿಯಣ್ಣ ಮಗಳ ಕಡೆ ತಿರುಗಿದರು. ಸಿಟ್ಟೇನೂ ಇರಲಿಲ್ಲ. ಸರಿಯಾಗಿ ಕೇಳಿಸಿತೇ ಎಂದು ಖಚಿತ ಮಾಡಿಕೊಳ್ಳಲು ತಿರುಗಿದ ಹಾಗಿತ್ತು. ಆಗ ಇಂದು ಮಾತಾಡಬೇಕಿತ್ತು. ಬೇಡ ಅಂದರಲ್ಲ, ಬಿಡಿ ಅನ್ನಬೇಕಿತ್ತು. ಮಾತು ನಾಲಿಗೆಯ ಮೇಲೇ ಇತ್ತು. ಅದರ ಹಿಂದೆಯೇ ಇನ್ನೊಂದು ಬಂದು ನಿಂತಿತ್ತು. ಹಿಡಿದುಬಿಡಲಿ, ಎರಡೇ ನಿಮಿಷ, ಹಿಡಿದುಬಿಟ್ಟರೆ ಸಾಕು, ಆಮೇಲೆ ಹಾಡು ಇದೆ, ಹಾಡು ಇರುತ್ತದೆ, ಲಕ್ಷಾಂತರ ಜನ. ಅದು ಅವಳ ಮುಖದ ಮೇಲೆ ಎಷ್ಟು ಹೊತ್ತು ಇತ್ತೋ ಗೊತ್ತಿಲ್ಲ. ಅಪ್ಪ ನೋಡಿಬಿಟ್ಟರು. ದೂರದಲ್ಲಿ ಬರುವ ಗಾಡಿಯನ್ನು ಅದರ ದೀಪದಲ್ಲೇ ಗುರುತು ಹಿಡಿಯುತ್ತಿದ್ದ ಮನುಷ್ಯ. ಇಂದು ತಲೆ ತಗ್ಗಿಸಿ ತಂತಿಯ ಬಿರಡೆ ತಿರುಗಿಸತೊಡಗಿದಳು. ಶ್ರುತಿ ಸರಿಯಾಗಿಯೇ ಇತ್ತು.

"ಬಿಸ್ಲು ಜಾಸ್ತಿ ಆಯ್ತು" ಎಂದು ಮರಿಯಣ್ಣ ಎದ್ದು ಟವೆಲು ಕೊಡವಿದರು. "ನಾನು ಟೀ ಕುಡ್ಕಂಡು ಬಸ್ ಸ್ಟ್ಯಾಂಡ್ ತಾವ ಇರ್ತೀನಿ. ನೀನು ನಿಧಾನಕ್ಕೆ ಮುಗ್ಸ್ಕಂಡು ಬಾರವ್ವ." ಹಳೇಬೀಡಿನ ಕಡೆಯ ರಸ್ತೆಯಲ್ಲಿ, ಹೊಲದ ಬದಿ ಹಿಡಿದು, ಅವರು ಹೊರಟೇ ಹೋದರು.

ಮೇಘಶ್ರೀ ತಮಟೆ ಹಿಡಿದುಕೊಂಡೇ ಆ ದಾರಿಯನ್ನು ನೋಡಿದಳು. ಆಮೇಲೆ ಅವಳ ಕಣ್ಣು ಹರ್ಷಿತಾಳ ಮೇಲೆ ಬಿತ್ತು. "ಹಾಗಾದ್ರೆ ಬೇಬಿ ಹಿಡ್ಕೋಬಹುದಾ? ಫೋರ್ತ್ ಜನರೇಷನ್... ಅದು ಇನ್ನೂ ಚೆನ್ನಾಗಿರುತ್ತೆ, ಅಲ್ವಾ ಸಂತು?" ಹರ್ಷಿತಾ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ತಂತಿ ನಿಲ್ತಿಲ್ಲ" ಎಂದಳು ಇಂದು. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ಶ್ರುತಿ ಕೂರ್ತಿಲ್ಲ ಮೇಘಶ್ರೀ. ಇವತ್ತು ಆಗಲ್ಲ." ಆಂಪ್ಲಿಫೈಯರು ಆರಿಸಿದಳು. ಹುಡುಗಿ ಹತ್ತಿರ ಬಂದು, ನಿಜವಾಗಿಯೂ ಗಾಬರಿಯಾಗಿ, "ಮ್ಯಾಮ್, ನಾನೇನಾದ್ರೂ ತಪ್ಪು ಮಾತಾಡಿದ್ನಾ?" ಎಂದು ಕೇಳಿದಳು. ತಪ್ಪು ಎಲ್ಲಿಂದ ಶುರುವಾಯಿತೋ ಅಲ್ಲಿ ಫೋನು ಹಿಡಿದು ಬಟ್ಟೆ ಒಣಗಿಸುತ್ತಿದ್ದವಳು ತಾನು. "ಇಲ್ಲಮ್ಮ, ತಂತಿದೇ ತೊಂದ್ರೆ" ಎಂದು ಇಂದು ಅವಳ ಕೈಯನ್ನು ತಟ್ಟಿದಳು. "ನಾವು ಶೂಟ್ ಮಾಡಿರೋದನ್ನ ಎಡಿಟಲ್ಲಿ ನೋಡ್ತೀವಿ ಮ್ಯಾಮ್. ಪರ್ಫಾರ್ಮೆನ್ಸ್ ಇಲ್ಲದೆ ಎಪಿಸೋಡ್ ಆಗುತ್ತೋ ಇಲ್ವೋ..." ಎಂದು ಮೇಘಶ್ರೀ ಮಾತು ಅರ್ಧಕ್ಕೆ ಬಿಟ್ಟ ರೀತಿಯಲ್ಲೇ ಅದು ಆಗುವುದಿಲ್ಲ ಎಂದು ತಿಳಿಯಿತು. ಸಂತು ತಮಟೆಯನ್ನು ಚೀಲಕ್ಕೆ ತುರುಕುವಾಗ ಅದು ಕಾರಿನ ಬಾಗಿಲಿಗೆ ತಗುಲಿ ಡಬ್ ಎಂದಿತು.

ಬಸ್ಸಿನಲ್ಲಿ ಮರಿಯಣ್ಣ ಕಿಟಕಿಯ ಪಕ್ಕದ ಎರಡು ಸೀಟಿಗೆ ಟವೆಲು ಹಾಕಿ ಹಿಡಿದಿಟ್ಟಿದ್ದರು. ಪೆಟ್ಟಿಗೆಯನ್ನು ತಾವೇ ಎತ್ತಿ ಸೀಟಿನ ಸಂದಿಯಲ್ಲಿ ಅಡ್ಡ ಬೀಳದಂತೆ ನಿಲ್ಲಿಸಿದರು. "ನುಡಿಸ್ದೆಯೇನವ್ವ?" ಎಂದು ಕೇಳಿದರು. "ಇಲ್ಲಪ್ಪ. ತಂತಿ ಸರಿಯಿರಲಿಲ್ಲ." "ಹೂಂ" ಎಂದು ಅವರು ಮುಂದೆ ಹೋಗಿ, ಡ್ರೈವರಿನ ಹಿಂದಿನ ಸೀಟಿನಲ್ಲಿ, ಯಾರೋ ಕೊಬ್ಬರಿ ವ್ಯಾಪಾರದವರ ಪಕ್ಕ ಕೂತರು. ಅಲ್ಲಿಂದ ಅವರ ಬಿಳಿ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು. ಕೊಬ್ಬರಿಯವನು ಏನೋ ಹೇಳಿ ನಕ್ಕ. ಆ ತಲೆ ಅಲುಗಲಿಲ್ಲ.

ಹರ್ಷಿತಾ ಬಸ್ತಿಹಳ್ಳಿಯಿಂದಲೂ ಏನೋ ಕೇಳಬೇಕೆಂದು ಬಾಯಿ ತೆರೆದು ತೆರೆದು ಮುಚ್ಚಿಕೊಳ್ಳುತ್ತಿದ್ದಳು. ಜಾವಗಲ್ ದಾಟಿದರೂ ಕೇಳಲಿಲ್ಲ. ಕಿಟಕಿಯ ಸರಳಿಗೆ ಹಣೆ ಒತ್ತಿ ತೆಂಗಿನ ತೋಟಗಳನ್ನು ನೋಡುವುದು, ಅಮ್ಮನ ಕಡೆ ತಿರುಗುವುದು, ಮತ್ತೆ ಸರಳಿಗೆ ಹಣೆ ಒತ್ತುವುದು. ಏನು ಕೇಳುತ್ತಾಳೆ ಅಂತ ಇಂದುವಿಗೆ ಗೊತ್ತಿತ್ತು. ಹತ್ತು ವರ್ಷ ಇದಕ್ಕೆ ಹೆದರಿದ್ದಳು. ಇವತ್ತು ಎಲ್ಲ ಹಾಳಾಗಿದೆ, ಇದೊಂದನ್ನಾದರೂ ಸರಿಮಾಡಬೇಕು. ನಿನ್ನಿಂದ ಅಲ್ಲ ಕಂದ, ಬ್ಯಾಂಡಿನವರು ನನ್ನ ಬಿಟ್ಟರು, ಅದನ್ನು ಹೇಳಿಕೊಳ್ಳೋಕೆ ನನಗೆ ನಾಚಿಕೆ ಆಯ್ತು, ನೀನು ನನ್ನ ಮಡಿಲಲ್ಲಿ ಇದ್ದೆ ಅಷ್ಟೇ. ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು. ಬೆಳಗಿನಿಂದ ಮೊದಲ ಸಲ ಒಂದು ನಿಜವನ್ನು ನಿಜವಾಗಿ ಹೇಳಲು ತಯಾರಾದ ಹಗುರ ಅವಳಿಗೆ ಬಂತು. ಮಗಳ ಬಿಚ್ಚಿಹೋದ ಜಡೆಯನ್ನು ಕೈಗೆ ತೆಗೆದುಕೊಂಡು ಮತ್ತೆ ಹೆಣೆಯುತ್ತ, "ಏನೋ ಕೇಳಬೇಕು ಅಂತಿದ್ದೀಯಲ್ಲ, ಕೇಳು ಕಂದ. ನಾನು ಬೇಜಾರು ಮಾಡ್ಕೊಳ್ಳಲ್ಲ" ಎಂದಳು.

ಹರ್ಷಿತಾ ಮುಂದಿನ ಸೀಟಿನ ಬಿಳಿ ತಲೆಯನ್ನು ಒಮ್ಮೆ ನೋಡಿ, ಅದಕ್ಕೆ ಕೇಳಿಸದ ಹಾಗೆ ಅಮ್ಮನ ಹತ್ತಿರ ಸರಿದಳು.

"ಅಮ್ಮ, ಅಜ್ಜ ಅದನ್ನ ಹಿಡ್ಕೊಂಡಿದ್ದಿದ್ರೆ, ನೀನು ಪಕ್ಕದಲ್ಲಿ ನಿಂತ್ಕೊಂಡು ನುಡಿಸ್ತಿದ್ಯಾ?"